ನೂರನೆಯ ಮನೆಯ ಯಜಮಾನ

ಬಿಳಿಗಿರಿಗೆ ಆ ದಿನ ಬಂದ ಕಷ್ಟಕ್ಕೆಲ್ಲ ಕಾರಣ ಒಂದು ಅಚ್ಚು ಹಾಳೆಯ ಮೊದಲ ಪ್ರಶ್ನೆ. ಅದರಲ್ಲಿ ಒಟ್ಟು ನಲವತ್ತೆರಡು ಪ್ರಶ್ನೆಗಳಿದ್ದವು. ಉಳಿದ ನಲವತ್ತೊಂದು ಪಾಪದವು. ಯಾರ ತಂಟೆಗೂ ಹೋದವಲ್ಲ. ಮೊದಲನೆಯದು ಮಾತ್ರ ಹೀಗಿತ್ತು: "ಈ ಮನೆಯ ಯಜಮಾನರು ಯಾರು?"

ಬಿಳಿಗಿರಿ ಯಳಂದೂರಿನವನು. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಮೈಸೂರಿನಲ್ಲಿ ಒಬ್ಬ ಪ್ರೊಫೆಸರ ಕೈಕೆಳಗೆ ಮೂರು ವರ್ಷದಿಂದ ಸಂಶೋಧನೆ ಮಾಡುತ್ತಿದ್ದ. ಹಳ್ಳಿಯ ಸಂಸಾರವೂ ಒಂದು ಸಂಸ್ಥೆಯೇ. ಯಾವ ಬೆಳೆ ಇಡಬೇಕು, ಯಾವಾಗ ಮಾರಬೇಕು, ಮಗಳನ್ನು ಯಾವ ಊರಿಗೆ ಕೊಡಬೇಕು ಎಂದು ಅಲ್ಲಿ ತೀರ್ಮಾನಿಸುವವರು ಯಾರೆಂದು ತಿಳಿದರೆ, ಸರ್ಕಾರ ತನ್ನ ಯೋಜನೆಗಳನ್ನು ಯಾರ ಕಿವಿಗೆ ಹಾಕಬೇಕೆಂಬುದು ತಾನಾಗಿ ತಿಳಿಯುತ್ತದೆ. ಇದು ಪ್ರಬಂಧದ ವಿಷಯ. ಕೊಳ್ಳೇಗಾಲದ ಸುತ್ತಿನಲ್ಲಿ ನೂರು ಮನೆಗಳನ್ನು ಚೀಟಿ ಎತ್ತಿ ಆರಿಸಿದ್ದರು. ಚೀಟಿಯಲ್ಲಿ ಬಂದ ಮನೆಯನ್ನು ಬಿಟ್ಟು ಪಕ್ಕದ ಮನೆಯ ಬಾಗಿಲು ತಟ್ಟುವಂತಿರಲಿಲ್ಲ.

ತೊಂಬತ್ತೊಂಬತ್ತು ಮನೆ ಮುಗಿದಿದ್ದವು. ನೂರನೆಯದು ಮುಳ್ಳೂರಿನ ಪುಟ್ಟಮಲ್ಲಪ್ಪನವರ ಮನೆ. ತಿಂಗಳ ಹಿಂದೆ ಬಿಳಿಗಿರಿ ಅಲ್ಲಿಗೆ ಹೋದಾಗ ಅಂಗಳದಲ್ಲಿ ಅವರ ಶವವನ್ನು ಕೂರಿಸಿ ಒಯ್ಯುವ ಹೂವಿನ ವಿಮಾನ ಕಟ್ಟುತ್ತಿದ್ದರು. ಅವನು ಚೀಲದ ಬಾಯಿ ಬಿಚ್ಚದೆ, ದೂರದಿಂದಲೇ ಕೈ ಮುಗಿದು ಹಿಂದಿರುಗಿದ್ದ. ಸಾವಿನ ಮನೆಯಲ್ಲಿ ಪ್ರಶ್ನೆ ಕೇಳುವಷ್ಟು ವಿದ್ಯೆ ಅವನಿಗೆ ಇನ್ನೂ ಹತ್ತಿರಲಿಲ್ಲ.

ಆದರೆ ಈಗ ಬೇರೆ ದಾರಿಯಿರಲಿಲ್ಲ. ನಾಳೆ ಬೆಳಿಗ್ಗೆ ಹತ್ತಕ್ಕೆ ನೂರು ಹಾಳೆಯನ್ನೂ ಪ್ರೊಫೆಸರ ಮೇಜಿನ ಮೇಲಿಡಬೇಕು. ಇಟ್ಟರೆ ಕಾಲೇಜಿನಲ್ಲಿ ಖಾಲಿ ಬಿದ್ದಿದ್ದ ಉಪನ್ಯಾಸಕನ ಕೆಲಸಕ್ಕೆ ಅವರು ಶಿಫಾರಸು ಬರೆಯುವರು. ಒಂದು ಕಡಿಮೆಯಾದರೆ ಆ ಕೆಲಸಕ್ಕೆ ಇನ್ನೊಬ್ಬನಿದ್ದ. ಬಿಳಿಗಿರಿ ಕೊಳ್ಳೇಗಾಲದ ಬಾಡಿಗೆ ಕೋಣೆ ಖಾಲಿ ಮಾಡಿ, ತೊಂಬತ್ತೊಂಬತ್ತು ಹಾಳೆಗಳ ಕಟ್ಟನ್ನು ಚೀಲಕ್ಕೆ ತುಂಬಿ, ಮನಸ್ಸಿನಲ್ಲೇ ಮಾದಪ್ಪನನ್ನು ನೆನೆದು ಮುಳ್ಳೂರಿನ ದಾರಿ ಹಿಡಿದ.

ಅವನು ಮುಟ್ಟಿದ ಹೊತ್ತಿಗೆ ಗಂಡಸರು ಮನೆಯಲ್ಲಿರಲಿಲ್ಲ. ನಡುಮನೆಯ ತುಂಬ ರೇಷ್ಮೆ ಹುಳುವಿನ ತಟ್ಟೆಗಳು. ಹುಳು ಹಣ್ಣಾಗಿದ್ದವು, ಅಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಯಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತ ತಲೆ ಎತ್ತಿದ್ದವು. ಸೊಸೆಯರಿಬ್ಬರು ಅವನ್ನು ಒಂದೊಂದಾಗಿ ಆರಿಸಿ, ಗೂಡು ಕಟ್ಟಿಸುವ ಬಿದಿರಿನ ಚಂದ್ರಿಕೆಗೆ ಬಿಡಲು ಕುಳಿತಿದ್ದರು. ಹಿರಿಯವಳು ಬಸವಮ್ಮ, ಕಿರಿಯವಳು ಚನ್ನಮಲ್ಲಮ್ಮ.

ಬಿಳಿಗಿರಿ ಕೈ ಮುಗಿದು, ಬಂದ ಕಾರಣ ಹೇಳಿ, ಜಗಲಿಯ ಅಂಚಿನಲ್ಲಿ ಕುಳಿತು ಹಾಳೆ ಬಿಡಿಸಿದ.

"ಈ ಮನೆ ಯಜಮಾನರು ಯಾರಮ್ಮ?"

ಬಸವಮ್ಮ ಸೆರಗು ಸರಿಮಾಡಿಕೊಂಡಳು. "ನಮ್ಮೆಜಮಾನ್ರು ತ್ವಾಟಕ್ಕೋಗವ್ರೆ ಸಾ."

"ಹೆಸರು?"

ಗಂಡನ ಹೆಸರನ್ನು ಬಾಯಿ ಬಿಟ್ಟು ಹೇಳುವುದು ಹೇಗೆ? ಅವಳು ಓರಗಿತ್ತಿಯ ಕಡೆ ನೋಡಿದಳು. ಚನ್ನಮಲ್ಲಮ್ಮ ಸಹಾಯಕ್ಕೆ ಬಂದಳು. "ಬಾವನವ್ರ ಎಸ್ರು ಪುಟ್ಟಬಸಪ್ಪ ಸಾ."

ಬಿಳಿಗಿರಿ ದುಂಡಗೆ ಬರೆದ. ಚನ್ನಮಲ್ಲಮ್ಮ ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು. ಕತ್ತು ಚಾಚಿ ಒಂದೊಂದೇ ಅಕ್ಷರ ಕೂಡಿಸಿದಳು: ಈ ಮನೆಯ ಯಜಮಾನರು, ಪುಟ್ಟಬಸಪ್ಪ.

"ಅದ್ಯಾಕ್ ಸಾ ಬಾವನವ್ರದೊಂದೇ ಬರ್ಕಂಡ್ರಿ? ನಮ್ಮೆಜಮಾನ್ರು ಇಲ್ವಾ? ಅವ್ರ ಎಸ್ರು ಸದಾಸಿವಪ್ಪ ಅಂತ ಅಕ್ಕ ಏಳಾರು, ಕೇಳಿ."

"ಇದರಲ್ಲಿ ಒಬ್ಬರ ಹೆಸರಿಗೆ ಮಾತ್ರ ಜಾಗ ಇರೋದಮ್ಮ."

"ಓ! ಒಬ್ಬರ್ಗೇ ಅನ್ನಿ." ಅವಳು ಕೈಯಲ್ಲಿದ್ದ ಹುಳುವನ್ನು ತಟ್ಟೆಗೆ ಹಿಂದಕ್ಕೆ ಬಿಟ್ಟು ಎದ್ದು ನಿಂತಳು. "ಅಕ್ಕಾ, ಮಾವ ಓಗಿ ಇನ್ನೂ ತಿಂಗ್ಳು ನೆಟ್ಟಗೆ ತುಂಬಿಲ್ಲ. ಆಗ್ಲೇ ಗೌರ್ಮೆಂಟ್‌ನೋರ್ ತಾವ ಯಜಮಾನ್ಕೆ ಬರಿಸ್ಕಂಡ್ಯಾ?"

"ನಾನ್ ಎಲ್ ಬರಿಸ್ದೆ? ನಮ್ಮೆಜಮಾನ್ರು ತ್ವಾಟದಲ್ಲವ್ರೆ ಅಂದೆ. ನಿನ್ ಗಂಡ ನಿಂಗೆ ಯಜಮಾನ್ರಾದ್ರೆ ನನ್ ಗಂಡ ನಂಗೆ ಯಜಮಾನ್ರಲ್ವಾ?"

"ಹಂಗಾರೆ ಕಾಗ್ದದಲ್ಲಿ ಅಟ್ಟಿ ಮನೆಗೆಲ್ಲ ಯಜಮಾನ್ರು ಅಂತ ಯಾಕದೆ?"

ಬಿಳಿಗಿರಿ ಗಾಬರಿಯಿಂದ ಬರೆದಿದ್ದ ಹೆಸರಿಗೆ ಅಡ್ಡಗೆರೆ ಎಳೆದ. ಈಗ ಬಸವಮ್ಮ ಎದ್ದಳು. "ಅಯ್ಯೋ ಸಿವನೇ! ಬದ್ಕಿರೋ ಗಂಡನ್ ಎಸ್ರು ಒಡೆದಾಕ್ಬುಟ್ರಲ್ಲ ಸಾ!"

ಆ ಹೊತ್ತಿಗೆ ಅಣ್ಣತಮ್ಮಂದಿರು ಹುಲ್ಲಿನ ಹೊರೆ ಹೊತ್ತು ಒಳಗೆ ಬಂದರು. ಇಷ್ಟು ದಿನಗಳಿಂದ ಇಬ್ಬರ ಮನಸ್ಸಿನಲ್ಲೂ ಕುಳಿತಿದ್ದ, ಆದರೆ ತಂದೆಯ ಮೇಲಿನ ಗೌರವಕ್ಕೆ ಇಬ್ಬರೂ ಬಾಯಿಗೆ ತಾರದಿದ್ದ ಪ್ರಶ್ನೆಯೊಂದು ಈಗ ಅಚ್ಚಾಗಿ ಜಗಲಿಯ ಮೇಲೆ ಕುಳಿತಿತ್ತು. ಹೊರೆ ಇಳಿಸುವ ಮೊದಲೇ ಮಾತು ಬೆಳೆಯಿತು.

"ಹಿರೀಮಗ ನಾನು. ನನ್ನೆಸ್ರು ಬರೆದ್ರೆ ನಿಂಗೇನ್ಲಾ ಕಷ್ಟ?" ಎಂದ ಪುಟ್ಟಬಸಪ್ಪ.

"ಹಿರೀಮಗ ನೀನು. ಅಪ್ಪನ ಕಾಯ್ಲೇಲಿ ಬೆನ್ನಿಗೊತ್ತಾಗಿ ಕುಂತಿದ್ದೋನು ನಾನು. ಕೇಳ್ಬುಡು ಊರ್ನ."

ಕೇಳಬೇಕಾದ ಅಗತ್ಯವಿರಲಿಲ್ಲ; ಊರು ಆಗಲೇ ಬಾಗಿಲಲ್ಲಿತ್ತು. ಎಲ್ಲರಿಗಿಂತ ಮುಂದೆ ಪಕ್ಕದ ಮನೆಯ ಚಿಕ್ಕಸಿದ್ದಯ್ಯ. ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿಕೊಂಡು ಒಳಗೆ ಬಂದವನು ಬಿಳಿಗಿರಿಯ ಪಕ್ಕದಲ್ಲೇ ಕುಳಿತ.

"ಯಜಮಾನ್ಕೆ ಅಂದ್ರೆ ಹುಡುಗಾಟ ಅಲ್ಲ ಕಣ್ರಪ್ಪ. ನಾನಿಲ್ವಾ? ನಮ್ಮಟ್ಟೀಲಿ ನಾನು ಒಂದು ಗೆರೆ ಎಳದ್ರೆ ಬೆಕ್ಕೂ ದಾಟಾಕಿಲ್ಲ. ಸಾ, ನಿಮ್ ಕಟ್ಟಲ್ಲಿ ನನ್ನೆಸ್ರು ಅದೆಯಲ್ಲ, ತಗ್ದು ತೋರ್ಸಿ."

ಇತ್ತು. ಅರವತ್ತೊಂದನೆಯ ಮನೆ, ಯಜಮಾನರು ಚಿಕ್ಕಸಿದ್ದಯ್ಯ. ಹೇಗಾದರೂ ಗಲಾಟೆ ತಣ್ಣಗಾಗಲಿ ಎಂದು ಬಿಳಿಗಿರಿ ಕಟ್ಟು ಬಿಚ್ಚಿ ಆ ಹಾಳೆ ತೋರಿಸಿದ. ಚಿಕ್ಕಸಿದ್ದಯ್ಯ ಅದನ್ನು ತಾಮ್ರದ ಶಾಸನದಂತೆ ಎತ್ತಿ ಹಿಡಿದು, ಯಜಮಾನಿಕೆಯ ಲಕ್ಷಣಗಳನ್ನು ಹೇಳತೊಡಗಿದ. ಗಲಾಟೆಗೆ ಅದು ಸೌದೆಯಾಯಿತು.

"ಹೆಸರೇ ಬೇಡ. ಆ ಜಾಗ ಖಾಲಿ ಬಿಡ್ತೀನಿ," ಎಂದು ಬಿಳಿಗಿರಿ ಅಂಗಲಾಚಿದ.

ಅಣ್ಣತಮ್ಮಂದಿರು ಆ ಮಾತಿನಲ್ಲಿ ಒಂದಾದರು. "ಖಾಲಿ ಅಂದ್ರೇನ್ ಸಾ? ನಮ್ಮಟ್ಟಿಗೆ ಯಜಮಾನ್ರೇ ಇಲ್ವಾ? ನಾವೇನ್ ದಿಕ್ಕಿಲ್ದೋರಾ?"

ಮರುಕ್ಷಣ ಮತ್ತೆ ಬೇರೆಯಾದರು. "ಸರಿ ಬುಡಣ್ಣ," ಎಂದ ಸದಾಶಿವಪ್ಪ, ಧ್ವನಿ ಇಳಿಸಿ. "ನಡುಮನೆಗೆ ಅಡ್ಡ ಗ್ವಾಡೆ ಆಕ್ಬುಡನ. ಆ ಕಡೀಕೆ ನೀನು, ಈ ಕಡೀಕೆ ನಾನು."

ಬಿಳಿಗಿರಿ ಲೆಕ್ಕ ಹಾಕಿದ. ಗೋಡೆ ಎದ್ದರೆ ಅದು ಎರಡು ಮನೆ. ಚೀಟಿಯಲ್ಲಿ ಬಂದದ್ದು ಒಂದು. ಪ್ರಬಂಧ ಹೋಗಲಿ, ಕೆಲಸ ಹೋಗಲಿ, ಇನ್ನೂ ಹಸಿಯಾಗಿದ್ದ ಸಾವಿನ ಮೇಲೆ ಕುಳಿತು ಒಂದು ಸಂಸಾರವನ್ನು ಒಡೆದ ಪಾಪವೂ ತನ್ನ ತಲೆಗೇ ಬಂತಲ್ಲ ಎಂದು ಅವನ ಕಣ್ಣಲ್ಲಿ ನೀರೂರಿತು.

ಇಷ್ಟರಲ್ಲಿ ಹುಳುಗಳನ್ನು ಎಲ್ಲರೂ ಮರೆತಿದ್ದರು. ಅವು ಯಾರ ಅಪ್ಪಣೆಗೂ ಕಾಯದೆ ತಟ್ಟೆಯಿಂದ ಇಳಿದು ನಡೆಯತೊಡಗಿದ್ದವು. ಕಂಬದ ಮೇಲೆ ಹುಳು, ಒರಳುಕಲ್ಲಿನಲ್ಲಿ ಹುಳು. ಬಿಚ್ಚಿಟ್ಟಿದ್ದ ಕಟ್ಟಿನ ಮೇಲೂ ಹತ್ತಾರು. ಒಂದು ಹುಳು ಬಿಳಿಗಿರಿಯ ಕೋಟಿನ ಮೇಲಿನ ಗುಂಡಿಯನ್ನು ಮೆಚ್ಚಿಕೊಂಡು ಅದರ ಸುತ್ತ ಎಳೆ ಬಿಡಲು ಆರಂಭಿಸಿತು. ಅವನಿಗೆ ಕೊಡವಿಕೊಳ್ಳುವ ಧೈರ್ಯವಾಗಲಿಲ್ಲ. ಅದು ಯಾರ ಪಾಲಿಗೆ ಸೇರಿದ್ದೋ ಏನೋ.

ಆಗ ದೇವರ ಕೋಣೆಯ ಬಾಗಿಲು ಸರಿಯಿತು.

ಪುಟ್ಟಮಲ್ಲಪ್ಪನವರ ಹೆಂಡತಿ ದೊಡ್ಡಬಸಮ್ಮ ಒಂದು ತಿಂಗಳಿಂದ ಆ ಕೋಣೆಯ ಮೂಲೆ ಬಿಟ್ಟು ಎದ್ದಿರಲಿಲ್ಲ. ಲಿಂಗಪೂಜೆಯ ಹೊತ್ತಿಗೆ ಕೈ ಆಡುತ್ತಿತ್ತು, ಅಷ್ಟೆ. ಯಾರು ಊಟಕ್ಕೆ ಕರೆದರೂ ಹೂಂಗುಟ್ಟುತ್ತಿರಲಿಲ್ಲ. ಬೋಳು ಹಣೆಗೆ ವಿಭೂತಿ, ಬಾಗಿದ ಬೆನ್ನು. ಹೊಸ್ತಿಲಲ್ಲಿ ನಿಂತು ಆಕೆ ಜಗಳವನ್ನೂ ನೋಡಲಿಲ್ಲ, ಜನವನ್ನೂ ನೋಡಲಿಲ್ಲ. ಹುಳುಗಳನ್ನು ನೋಡಿದರು.

"ಪುಟ್ಟಬಸಾ, ಅಟ್ಟದಿಂದ ಉಳಿದ್ ಚಂದ್ರಿಕೆ ಇಳ್ಸು. ಸದಾಸಿವ, ಬಾಗ್ಲಲ್ಲಿರೋ ಜನಾನ ಆಚೀಕೆ ಕಳ್ಸು, ಗಾಳಿ ಆಡ್ಲಿ. ಏನ್ರವ್ವಾ, ಕೈಯಲ್ಲಿ ಬಳೆ ಅದೆಯಲ್ಲ, ಬೆರಳಿಲ್ವಾ? ಕೂತ್ಕಳಿ." ಬಳಿಕ ಬಿಳಿಗಿರಿಯ ಕಡೆ ತಿರುಗಿದರು. "ನೀನ್ ಯಾರಪ್ಪ? ಯಾರಾರ ಆಗು. ಕೈ ತೊಳ್ಕಂಡ್ ಬಾ. ನಾಜೂಕಾಗಿ ಎತ್ಬೇಕು, ಇಸುಕ್ಬಾರ್ದು."

ಯಾರೂ ಎದುರಾಡಲಿಲ್ಲ. ಚಿಕ್ಕಸಿದ್ದಯ್ಯನ ಹೆಂಡತಿ ಕೆಂಪಾಜಮ್ಮ ಹಿತ್ತಿಲ ಕಡೆಯಿಂದ ಬಂದು ಜೊತೆಗೂಡಿದಳು. ಬಿಸಿಲು ಮಾಡಿನಿಂದ ಇಳಿಯುವವರೆಗೆ ಎಲ್ಲರೂ ತಲೆ ಬಗ್ಗಿಸಿ ಹುಳು ಆರಿಸಿದರು. ಅರ್ಥಶಾಸ್ತ್ರದ ಎಂ.ಎ. ಕೂಡ ಆರಿಸಿದ. ಅಡ್ಡಗೋಡೆಯ ಮಾತು ಎಲ್ಲಿಯೋ ಕರಗಿಹೋಗಿತ್ತು. ಕೊನೆಯ ಚಂದ್ರಿಕೆ ತುಂಬಿದಾಗ ದೊಡ್ಡಬಸಮ್ಮ ಅವನ ಮುಂದೆ ರಾಗಿಮುದ್ದೆ ಇಡಿಸಿ, ಎದುರಿಗೆ ಕುಳಿತರು.

"ಅದೇನ್ ಕೇಳ್ಬೇಕಾಗಿತ್ತೋ ಕೇಳಪ್ಪ."

ಬಿಳಿಗಿರಿ ಮೊದಲನೆಯ ಪ್ರಶ್ನೆಯನ್ನು ಜಾಣತನದಿಂದ ಕೊನೆಗೆ ಇಟ್ಟುಕೊಂಡ. "ಯಾವ ಬೆಳೆ ಇಡಬೇಕು ಅಂತ ತೀರ್ಮಾನ ಮಾಡೋರು ಯಾರವ್ವ?"

"ನಾ ಏಳ್ತಿದ್ದೆ. ಅವ್ರು ಊಂ ಅಂತಿದ್ರು."

"ಗೂಡು ಯಾವಾಗ ಮಾರಬೇಕು ಅಂತ?"

"ನಾ ಏಳ್ತಿದ್ದೆ. ಅವ್ರು ಊಂ ಅಂತಿದ್ರು."

"ಮಗಳನ್ನ ಯಾವ ಊರಿಗೆ ಕೊಡಬೇಕು ಅಂತ?"

"ಅದ್ಕೆ ಮಾತ್ರ ವಸಿ ತಡ ಮಾಡಿ ಊಂ ಅಂದಿದ್ರು." ಆಕೆ ತುಂಬಿದ ಚಂದ್ರಿಕೆಗಳ ಕಡೆ ತಿರುಗಿದರು. "ನಲ್ವತ್ತು ವರ್ಷ ಕಣಪ್ಪ. ಏಳೋದು ಈಗ್ಲೂ ಏಳ್ಬೋದು. ಊಂ ಅನ್ನೋರಿಲ್ಲ."

ಗಂಡುಮಕ್ಕಳಿಬ್ಬರೂ ನೆಲ ನೋಡಿದರು. ಪುಟ್ಟಬಸಪ್ಪನೇ ಮೆಲ್ಲಗೆ ಹೇಳಿದ: "ಅವ್ವನೆಸ್ರು ಬರ್ಕಳಿ ಸಾ." ಸದಾಶಿವಪ್ಪ ತಲೆಯಾಡಿಸಿದ. ಬಿಳಿಗಿರಿ ಹೊಸ ಹಾಳೆ ತೆಗೆದು ಬರೆದ: ಯಜಮಾನರು, ದೊಡ್ಡಬಸಮ್ಮ. ನೂರು ತುಂಬಿತು.

"ಅಲ್ಲ ಮಗ," ಎಂದರು ದೊಡ್ಡಬಸಮ್ಮ. "ಬ್ಯಾರೆ ಅಟ್ಟಿಗಳಲ್ಲಿ ಯಾರ್ನ ಕೇಳ್ದೆ?"

"ಹಗಲು ಹೊತ್ತು ಗಂಡಸರು ಹೊಲದಲ್ಲಿರ್ತಾರಲ್ಲವ್ವ. ಮನೇಲಿದ್ದ ಹೆಂಗಸರನ್ನೇ ಕೇಳಿದೆ."

"ಏನಂತ ಕೇಳ್ದೆ?"

"ಯಜಮಾನರು ಯಾರು ಅಂತ. ಅವರನ್ನ ಬರಕೊಂಡು, ಮಿಕ್ಕ ಪ್ರಶ್ನೆಗೆಲ್ಲ 'ಯಜಮಾನರೇನಾ?' ಅಂದೆ. ಹೂಂ ಅಂದ್ರು."

ಕೆಂಪಾಜಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಆದರೂ ನಗೆ ಸೋರಿತು. "ಅಯ್ಯೋ ನನ್ನಪ್ಪಾ! ಯಜಮಾನ್ರು ಯಾರು ಅಂದ್ರಿ, ಗಂಡನ್ ಕೇಳ್ತಾವ್ರೆ ಅಂತ ಗಂಡನ್ ಏಳ್ದೆ. ಅಟ್ಟಿ ನಡ್ಸೋರು ಯಾರು ಅಂದಿದ್ರೆ ನಮ್ಮವ್ವನ ಎಸ್ರು ಏಳ್ತಿದ್ದೆ. ಈವಯ್ಯ ಮನೆಯಳಿಯ ಕಣ್ ಸಾ. ನಮ್ಮವ್ವ ಏಳ್ದೆ ಇವ್ರು ಗಡ್ಡನೂ ಕೆರೆಸಾಕಿಲ್ಲ."

ಎಲ್ಲರೂ ಚಿಕ್ಕಸಿದ್ದಯ್ಯನ ಕಡೆ ತಿರುಗಿದರು. ಆ ಜಾಗದಲ್ಲಿ ಅವನಿರಲಿಲ್ಲ. ಅರವತ್ತೊಂದನೆಯ ಹಾಳೆ ಮಾತ್ರ ಜಗಲಿಯ ಮೇಲೆ ಬಿದ್ದಿತ್ತು.

ಬಿಳಿಗಿರಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. ತೊಂಬತ್ತೊಂಬತ್ತು ಹಾಳೆ. ತೊಂಬತ್ತೊಂಬತ್ತು ಗಂಡಂದಿರ ಹೆಸರು. ಮೂರು ವರ್ಷದ ದುಡಿಮೆಯಲ್ಲಿ ಅವನು ಕಂಡುಹಿಡಿದದ್ದು ಇಷ್ಟೇ: ಕೊಳ್ಳೇಗಾಲದ ಸುತ್ತಿನ ಹೆಂಗಸರಿಗೆ ಮದುವೆಯಾಗಿದೆ.

ಮರುದಿನ ಹತ್ತು ಗಂಟೆಗೆ ಅವನು ಪ್ರೊಫೆಸರ ಮುಂದೆ ನಿಂತಿದ್ದ. ನಿಜ ಹೇಳಿಬಿಡಬೇಕೆಂದು ಬಸ್ಸಿನಲ್ಲೇ ನಿಶ್ಚಯಿಸಿಕೊಂಡಿದ್ದ. ಪ್ರೊಫೆಸರು ಕನ್ನಡಕ ಏರಿಸಿ, ಹಾಳೆ ಮಗುಚುತ್ತ ಹೋದಂತೆ ಅವರ ಮುಖ ಅರಳುತ್ತ ಹೋಯಿತು.

"ಭೇಷ್! ಎಷ್ಟು ಸ್ಪಷ್ಟವಾಗಿದೆ ನೋಡಿ. ಒಂದೊಂದು ಮನೆಯೂ ಅದನ್ನೇ ಹೇಳ್ತಿದೆ." ಕೊನೆಯ ಹಾಳೆಗೆ ಬಂದಾಗ ಹುಬ್ಬು ಗಂಟಾಯಿತು. "ಇದೇನಿದು? ಹೆಂಗಸಿನ ಹೆಸರು?"

"ಸಾರ್, ಅದನ್ನೇ ಹೇಳಬೇಕು ಅಂತಿದ್ದೆ. ನಾನು ಸರಿಯಾಗಿ ಕೇಳಿದ್ದು ಅಂದ್ರೆ ಆ ಒಂದು..."

"ಕೇಳಿಲ್ಲ. ನೀವು ಸರಿಯಾಗಿ ಕೇಳಿಲ್ಲ ಬಿಳಿಗಿರಿ. ತೊಂಬತ್ತೊಂಬತ್ತು ಮನೆ ಒಂದು ಮಾತು ಹೇಳುವಾಗ ಒಂದು ಮನೆ ಬೇರೆ ಹೇಳಿದ್ರೆ ತಪ್ಪು ಯಾರದು ಅನ್ನೋದಕ್ಕೆ ಶಾಸ್ತ್ರ ಬೇಕಾಗಿಲ್ಲ." ಅವರು ಕೆಂಪು ಶಾಯಿಯಲ್ಲಿ ಹಾಳೆಗೆ ಅಡ್ಡಗೆರೆ ಎಳೆದು ಹಿಂದಕ್ಕೆ ಕೊಟ್ಟರು. "ಚೀಟೀಲಿ ಬಂದ ಮನೆ, ಬದಲಾಯಿಸೋ ಹಾಗಿಲ್ಲ. ಅಲ್ಲಿಗೇ ಹೋಗಿ, ಮೊದಲನೇ ಪ್ರಶ್ನೆಯನ್ನ ಮತ್ತೊಂದು ಸಲ ಕೇಳಿಕೊಂಡು ಬನ್ನಿ. ಅಲ್ಲೀವರೆಗೆ ಶಿಫಾರಸು ನಿಂತಿರಲಿ."

"ಭಾನುವಾರದೊಳಗೆ ತಂದ್ರೆ ನೋಡ್ತೀರಾ ಸಾರ್?" ಎಂದ ಬಿಳಿಗಿರಿ, ಬೇರೇನೂ ತೋಚದೆ.

ಪ್ರೊಫೆಸರು ಕನ್ನಡಕ ತೆಗೆದು ಯೋಚಿಸಿದರು.

"ಭಾನುವಾರವಾ? ಇರಿ, ಯಾವುದಕ್ಕೂ ಮನೇಲಿ ಒಂದು ಮಾತು ಕೇಳಿ ಹೇಳ್ತೀನಿ."