ಹೊಸ ಅಳಿಯನಿಗೊಂದು ಕುಲ

ತುಂಪಾಲ್ ಒಂಬತ್ತು ವರ್ಷದಿಂದ ಮಾವನ ಮನೆಯ ಕ್ರಿಸ್‌ಮಸ್‌ಗೆ ತಪ್ಪದೆ ಬಂದಿದ್ದ. ಆದರೆ ಒಂದು ಕ್ರಿಸ್‌ಮಸ್ಸನ್ನೂ ಕಣ್ಣಾರೆ ಕಂಡಿರಲಿಲ್ಲ. ಹೆಣ್ಣು ಕೊಟ್ಟವರು ಕೂರಬೇಕು, ಹೆಣ್ಣು ತಂದವರು ಬೇಯಿಸಿ ಬಡಿಸಬೇಕು. ತೋಬಾ ಸರೋವರದ ಸುತ್ತಮುತ್ತ ಇದನ್ನು ಯಾಕೆ ಎಂದು ಕೇಳಿದವರಿಲ್ಲ. ಮಾವನಿಗೆ ಆರು ಗಂಡುಮಕ್ಕಳು, ಮದುವೆಯಾದ ಮಗಳು ಒಬ್ಬಳೇ. ಹಾಗಾಗಿ ಅರವತ್ತಮೂರು ಜನ ಜಗಲಿಯಲ್ಲಿ ಕೀರ್ತನೆ ಹಾಡುವಾಗ, ಹಂದಿಮಾಂಸದ ಹಂಡೆಯ ಮುಂದೆ ಕಣ್ಣೀರು ಸುರಿಸುವ ಭಾಗ್ಯ ತುಂಪಾಲನೊಬ್ಬನದು. ಅದು ಭಕ್ತಿಯ ಕಣ್ಣೀರು ಎಂದು ನಾವು ಹೇಳಿದರೆ ಈರುಳ್ಳಿಗೆ ಮೋಸ ಮಾಡಿದ ಹಾಗೆ.

ಈ ವರ್ಷ ಮಾತ್ರ ಅವನು ಮಗಳಿಗೆ ಮಾತು ಕೊಟ್ಟುಬಿಟ್ಟಿದ್ದ. ಡಿಸೆಂಬರ್ ಇಪ್ಪತ್ತಾರರ ಮನೆ ಆರಾಧನೆಯಲ್ಲಿ ಒಂದೊಂದು ಸಂಸಾರವೂ ಎದ್ದು ನಿಂತು ಒಂದೊಂದು ಬೈಬಲ್ ವಚನವನ್ನು ಬಾಯಿಪಾಠ ಒಪ್ಪಿಸಬೇಕು. ಏಳು ವರ್ಷದ ಲಾಮ್ರಿಯಾ ಮೊದಲ ಸಲ ಒಬ್ಬಳೇ ಹೇಳುವವಳಿದ್ದಳು. ಕುರುಬರಿಗೆ ದೇವದೂತ ಹೇಳಿದ ಮಾತು.

"ಅಪ್ಪಾ, ನಾನು ಮರೆತುಹೋದ್ರೆ?"

"ನಾನು ಪಕ್ಕದಲ್ಲೇ ಇರ್ತೀನಲ್ಲ ಪುಟ್ಟಿ."

"ಪ್ರತಿ ವರ್ಷ ಹೊಗೆ ಹತ್ರ ಇರ್ತೀಯ."

ಆ ಮಾತು ಅವನ ಎದೆಗೆ ನಾಟಿತ್ತು. ತಾನೂ ಅವಳ ಜೊತೆ ಒಂದು ತಿಂಗಳು ಕೂತು ವಚನವನ್ನು ಉರುಹೊಡೆದಿದ್ದ.

ಧೈರ್ಯಕ್ಕೆ ಕಾರಣವಿತ್ತು. 'ಕರ್ತನೇ, ಈ ಅಡುಗೆಮನೆಗೆ ಇನ್ನೊಬ್ಬ ಅಳಿಯನನ್ನು ಕಳಿಸು' ಎಂಬ ಅವನ ಒಂಬತ್ತು ವರ್ಷದ ಪ್ರಾರ್ಥನೆ ಫಲಿಸಿತ್ತು. ನಾದಿನಿ ರೊನೌಲಿಗೆ ಗಂಡು ಗೊತ್ತಾಗಿತ್ತು, ಜನವರಿಯಲ್ಲಿ ಮದುವೆ. ತ್ರಿಯೋನೊ ಎಂಬ ಜಾವಾದ ಮೇಷ್ಟ್ರು, ಇಪ್ಪತ್ತಾರು ವರ್ಷ, ಮಲ್ಲಿಗೆಯಂಥ ಮನುಷ್ಯ. ಆರಾಧನೆಯ ದಿನ ಬೆಳಿಗ್ಗೆ ಬಂದವನೇ ಅಡುಗೆಮನೆಗೆ ಇಣುಕಿದ.

"ಅಣ್ಣ, ಈರುಳ್ಳಿ ಹೆಚ್ಚಿಕೊಡ್ಲಾ?"

ತುಂಪಾಲ್ ಚಾಕು ಚಾಚಿದ್ದೇ ತಡ, ಅತ್ತೆ ಕಿರುಚಿದರು. "ಅಯ್ಯೋ! ಅತಿಥಿ ಕೈಗೆ ಚಾಕು ಕೊಡ್ತೀಯೇನೋ! ಅವರಿಗಿನ್ನೂ ಕುಲ ಕೊಟ್ಟಿಲ್ಲ!"

ಅದು ನಿಜ. ಜಾವಾದವನಿಗೆ ಹೆಸರೊಂದೇ, ಕುಲವಿಲ್ಲ. ಈ ಮನೆಯ ಹೆಣ್ಣನ್ನು ಮದುವೆಯಾದ ಹಿರಿಯರೊಬ್ಬರು ಅವನನ್ನು ದತ್ತು ತೆಗೆದುಕೊಂಡು ತಮ್ಮ ಕುಲ ಕೊಟ್ಟ ಮೇಲೇ ಅವನು ಅಳಿಯಂದಿರ ಸಾಲಿಗೆ ಸೇರುವುದು. ಅದಕ್ಕೆಂದೇ ಮಾವನ ಕಿರಿಯ ತಂಗಿಯ ಗಂಡ ಮೇದಾನ್ ಪಟ್ಟಣದಿಂದ ಹೊರಟಿದ್ದರು. ಒಂಬತ್ತು ಗಂಟೆಗೆ ಅವರ ಫೋನ್ ಬಂತು: ಬಸ್ ಕೆಟ್ಟಿದೆ, ನಾಳೆ ಬರುತ್ತೇವೆ.

"ನಾಳೇನೇ ಮಾಡೋಣ ಬಿಡಿ, ಏನವಸರ?" ಎಂದರು ಮಾವ, ಚರ್ಚಿನ ಹಿರಿಯರ ಗಾಂಭೀರ್ಯದಲ್ಲಿ.

"ಅದು ಹೇಗಾಗುತ್ತೆ ಮಾವ!" ತುಂಪಾಲ್ ಹಂಡೆ ಬಿಟ್ಟು ಜಗಲಿಗೇ ಬಂದ. "ಕ್ರಿಸ್‌ಮಸ್ ಆರಾಧನೇಲಿ ಪಾಪ ಆ ಹುಡುಗ ಪರಕೀಯನ ಥರ ಕೂತಿರಬೇಕಾ? ಗುಡ್ಡದ ಮೇಲೆ ನಿಮ್ಮ ಅಕ್ಕನ ಯಜಮಾನ್ರು ಇಲ್ವಾ? ಮಕ್ಕಳಿಲ್ಲದ ಜೀವ. ಈಗ್ಲೇ ಕರ್ಕೊಂಬರ್ತೀನಿ!"

ಅಳಿಯನ ಧರ್ಮಬುದ್ಧಿಗೆ ಮಾವನ ಕಣ್ಣು ತುಂಬಿತು.

ಗುಡ್ಡದ ಮೇಲಿನ ಮಾನಾಹಾನ್ ಅಜ್ಜನಿಗೆ ಎಂಬತ್ತೆರಡು. ದತ್ತುಮಗ ಎಂದೊಡನೆ ಕುಣಿದಾಡಿದರು. ಆಮೇಲೆ ಹಲ್ಲುಸೆಟ್ಟು ಕಾಣಿಸಲಿಲ್ಲ. "ಹಲ್ಲಿಲ್ದೆ ಹೇಗೋ ಆಶೀರ್ವಾದ ಮಾಡ್ಲಿ? ಬರೀ ಗಾಳಿ ಬರುತ್ತೆ!" ಒಂದು ಗಂಟೆ ಹುಡುಕಿದ ಮೇಲೆ ಅದು ಅಜ್ಜನ ಕೋಟಿನ ಜೇಬಲ್ಲೇ ಸಿಕ್ಕಿತು.

ದತ್ತುಮಗನಿಗೆ ತಿನ್ನಿಸಲು ಕೆಂಪು ಮೀನು ಆಗಲೇಬೇಕು. ಅಜ್ಜನ ಕೊಳದಿಂದ ಅದನ್ನೂ ಹಿಡಿದು, ನೀರಿನ ಚೀಲಕ್ಕೆ ಹಾಕಿ, ಅಜ್ಜನನ್ನು ಬೈಕಿನ ಹಿಂದೆ ಕೂರಿಸಿಕೊಂಡು ತುಂಪಾಲ್ ಮಳೆಯಲ್ಲೇ ಇಳಿದ. ಮೂರನೇ ತಿರುವಿನಲ್ಲಿ ಚೀಲ ಹರಿದು ಮೀನು ಗದ್ದೆಗೆ ಹಾರಿತು. ಹಿಂದೆಯೇ ತುಂಪಾಲ್.

"ಎಡಕ್ಕೆ! ಎಡಕ್ಕೋ! ಅಯ್ಯೋ, ಅದು ನಿನ್ನ ಕಾಲು ಕಣೋ!" ಎಂದು ಅಜ್ಜ ಬೈಕಿನ ಮೇಲಿಂದ ದಾರಿ ತೋರಿಸಿದರು.

ಅಂತೂ ಎರಡು ಗಂಟೆಗೆ ಕೆಸರಿನ ಮುದ್ದೆಯಂತೆ ತುಂಪಾಲ್, ರಾಜನಂತೆ ಅಜ್ಜ, ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದ ಮೀನು ಮನೆ ಸೇರಿದರು. ಅಷ್ಟು ಹೊತ್ತೂ ಹಂಡೆಯ ಉರಿ ತಗ್ಗಿಸಿ ನೋಡಿಕೊಂಡಿದ್ದ ಅತ್ತೆ ಮೀನನ್ನು ಬೇಯಿಸಿಕೊಟ್ಟರು. ಅಜ್ಜ ತ್ರಿಯೋನೊಗೆ ತುತ್ತು ತಿನ್ನಿಸಿ, ಹೆಗಲಿಗೆ ನೇಯ್ದ ಶಾಲು ಹೊದಿಸಿ, "ಇವತ್ತಿಂದ ನೀನು ನನ್ನ ಮಗ, ನೈಂಗೊಲಾನ್ ಕುಲದವನು" ಎಂದರು. ಆರಾಧನೆಗೆ ಬಂದಿದ್ದ ಪಾದ್ರಿಗಳು ಪ್ರಾರ್ಥಿಸಿದರು. ರೊನೌಲಿ ಅತ್ತಳು. ಎಲ್ಲರಿಗಿಂತ ಹೆಚ್ಚು ಅತ್ತವನು ತುಂಪಾಲ್.

ಅವನು ತಡಮಾಡಲಿಲ್ಲ. ಸೊಂಟದ ಏಪ್ರನ್ ಬಿಚ್ಚಿ ಹೊಸಬನ ಕೊರಳಿಗೆ ಹಾಕಿದ, ಕೈಗೆ ಸೌಟು ಕೊಟ್ಟ.

"ಬಾರಯ್ಯ ಷಡ್ಡಕ! ಹಂಡೆ ತಳ ಹಿಡಿಯೋಕ್ಮುಂಚೆ ಹೋಗು."

"ಆಗ್ಲಿ ಅಣ್ಣ," ಎಂದು ತ್ರಿಯೋನೊ ಹೊರಟೇಬಿಟ್ಟ.

"ನಿಲ್ಲೋ!" ಅಜ್ಜನ ಊರುಗೋಲು ಅಡ್ಡ ಬಂತು. "ತುಂಪಾಲ್, ನನ್ನನ್ನ ನೀನು ಅಜ್ಜ ಅಂತ ಯಾಕೆ ಕರೀತೀಯ?"

"ನೀವು ಅಜ್ಜ ತಾನೆ?"

"ವಯಸ್ಸಿಗಾ, ವರಸೆಗಾ?"

"ವರಸೇಲೂ ಅಜ್ಜಾನೇ. ನಮ್ಮವ್ವ ನಿಮ್ಮ ಕುಲದೋಳಲ್ವಾ, ನಿಮಗೆ ಮಗಳಾಗ..." ತುಂಪಾಲನ ದವಡೆ ಅಲ್ಲಿಗೇ ನಿಂತಿತು.

"ಹ್ಞಾಂ, ಹೇಳು. ನಿಮ್ಮವ್ವ ನನಗೆ ಮಗಳು. ಇವನು ನನಗೆ ಮಗ. ಅಂದ್ಮೇಲೆ ಇವನು ನಿನಗೇನಾದ?"

ಜಗಲಿಯ ಅರವತ್ತಮೂರು ಜನ ಒಟ್ಟಿಗೆ ಉತ್ತರ ಕೊಟ್ಟರು. "ಸೋದರಮಾವ!"

ಸೋದರಮಾವನೆಂದರೆ ತಾಯಿಯನ್ನು ಕೊಟ್ಟ ಕಡೆಯವನು, ಮಾವನಷ್ಟೇ ಪೂಜ್ಯ. ಸೋದರಳಿಯ ಎದುರಿಗಿರುವಾಗ ಅವನ ಕೈಯಲ್ಲಿ ಸೌಟು! ಅತ್ತೆ ಓಡಿಬಂದು ಏಪ್ರನ್ ಕಿತ್ತರು. ಮಾವ ತ್ರಿಯೋನೊವನ್ನು ಕೈಹಿಡಿದು ಮುಂದಿನ ಸಾಲಿನಲ್ಲಿ, ತುಂಪಾಲ್ ಬೆಳಿಗ್ಗೆಯೇ ಟವೆಲ್ ಹಾಕಿ ಹಿಡಿದಿಟ್ಟಿದ್ದ ಕುರ್ಚಿಯಲ್ಲೇ ಕೂರಿಸಿದರು. ಏಪ್ರನ್ ಒಡೆಯನ ಸೊಂಟಕ್ಕೆ ವಾಪಸಾಯಿತು. ಮಾಡಿದ್ದುಣ್ಣೋ ಮಹರಾಯ.

"ಬೇಜಾರಾಗ್ಬೇಡ ತುಂಪಾಲ್," ಎಂದರು ಪಾದ್ರಿಗಳು. "ಕರ್ತನೇ ಶಿಷ್ಯರ ಪಾದ ತೊಳೆದ."

"ಒಂದು ಸಲ ತೊಳೆದ, ಅಯ್ಯನವರೇ. ವರ್ಷಾ ವರ್ಷಾ ಅಲ್ಲ."

ಅಡುಗೆಮನೆಯಲ್ಲಿ ಅವನು ಸೌಟನ್ನು ಹಂಡೆಗೆ ಕುಟ್ಟಿದ. ತನ್ನ ಮೇಲೇ ಸಿಟ್ಟು. ಸಿಟ್ಟಿಗಿಂತ ದುಃಖ. ಕೆಲಸಕ್ಕಲ್ಲ, ಪಕ್ಕದಲ್ಲಿರುತ್ತೇನೆ ಎಂದಿದ್ದ ಮಾತಿಗೆ. ಗೋಡೆಯಾಚೆ ಆರಾಧನೆ ಶುರುವಾಗಿ, ಒಬ್ಬೊಬ್ಬರಾಗಿ ವಚನ ಹೇಳಿ ಮುಗಿಸುತ್ತಿದ್ದರು. ಆಮೇಲೆ ಮಗಳ ಪುಟ್ಟ ಕಾಲು ಹಲಗೆಯ ಮೇಲೆ ನಡೆದ ಸದ್ದು.

"ಹೆದರಬೇಡಿ..." ಎಂದಳು ಲಾಮ್ರಿಯಾ.

ಆ ಕಾಲು ಅದೇ ಹಲಗೆಯ ಮೇಲೆ ಹಿಂದೆ ಮುಂದೆ ಸರಿಯಿತು.

"ಹೆದರಬೇಡಿ..." ದನಿ ನಡುಗಿತು. ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕೆಂದರು. ಮಗು ಬಿಕ್ಕುವುದು ಗೋಡೆಯೀಚೆಗೂ ಕೇಳಿತು.

ತುಂಪಾಲ್ ಹೊಗೆಯನ್ನೆಲ್ಲ ಒಳಗೆಳೆದುಕೊಂಡು, ಅರವತ್ತಮೂರು ಜನರ ಊಟದ ಮುಂದೆ ನಿಂತು ಕೂಗಿದ.

"ಎಲ್ಲಾ ಜನಕ್ಕೂ ಸಂತೋಷದ ಸುದ್ದಿ ತಂದಿದೀನಿ! ಇವತ್ತು ನಿಮಗೋಸ್ಕರ ರಕ್ಷಕ ಹುಟ್ಟಿದಾನೆ!"

ಮಾಡಿನ ಪಾರಿವಾಳಗಳು ಹಾರಿಹೋದವು. ಆ ದನಿಯ ಬಾಲ ಹಿಡಿದು ಲಾಮ್ರಿಯಾ ಉಳಿದದ್ದನ್ನು ಒಂದೇ ಉಸಿರಿಗೆ, ನಗುತ್ತ ನಗುತ್ತ ಹೇಳಿ ಮುಗಿಸಿದಳು. ಜಗಲಿ ತುಂಬ ಚಪ್ಪಾಳೆ. ತುಂಪಾಲ್ ಸೌಟಿಗೆ ಒರಗಿ ಅತ್ತ. ಈ ಸಲ ಈರುಳ್ಳಿಗೆ ಅದರಲ್ಲಿ ಪಾಲಿರಲಿಲ್ಲ. ಮಾವ ಎದ್ದು ನಿಂತು ಗಂಟಲು ಸರಿಮಾಡಿಕೊಂಡಾಗ ಅವನ ಎದೆ ಹಿಗ್ಗಿತು. ಕಲ್ಲೂ ಕರಗಿತಲ್ಲ, ಈಗ ಜಗಲಿಗೆ ಕರೆಯುತ್ತಾರೆ.

"ಕೇಳಿದ್ರಾ?" ಮಾವನ ದನಿ ಗದ್ಗದವಾಗಿತ್ತು. "ಇಷ್ಟು ವರ್ಷ ಈ ಮನೇಲಿ ಹಿಂದಿನ ಸಾಲಿನೋರಿಗೆ ಒಂದು ವಚನಾನೂ ಸರಿಯಾಗಿ ಕೇಳಿಸಿರ್ಲಿಲ್ಲ. ಇವತ್ತು ಸರೋವರದ ದಂಡೆವರೆಗೂ ಕೇಳಿಸ್ತು. ದೇವರು ಒಬ್ಬೊಬ್ಬರಿಗೆ ಒಂದೊಂದು ಜಾಗ ಕೊಟ್ಟಿರ್ತಾನೆ. ಇನ್ಮುಂದೆ ಪ್ರತಿ ಕ್ರಿಸ್‌ಮಸ್‌ಗೂ ಎಲ್ಲಾರ ವಚನಾನೂ ನಮ್ಮ ತುಂಪಾಲೇ ಅಡುಗೆಮನೆಯಿಂದ ಹೇಳ್ಲಿ. ಪ್ರಾರ್ಥಿಸೋಣ."

ಅರವತ್ತಮೂರು ಜನ ತಲೆಬಾಗಿಸಿ "ಆಮೆನ್" ಎಂದರು. ಎಲ್ಲರಿಗಿಂತ ಗಟ್ಟಿಯಾಗಿ, ಮುಂದಿನ ಸಾಲಿನಿಂದ, ಸೋದರಮಾವ.