ಲೊಂಬಾರ್ಡಿನ ಬಿಸಿಲುಗೋಡೆ

ಹದಿನಾಲ್ಕು ವರ್ಷಗಳ ದಾಂಪತ್ಯದಲ್ಲಿ ನನ್ನ ಒಂದು ಯೋಜನೆಯೂ ಐಶ್ವರ್ಯಳ ಮುಂದೆ ಸಲೀಸಾಗಿ ಪಾಸಾಗಿಲ್ಲ. ಬಿಸಿಲುಗೋಡೆಯದೂ ಅದೇ ಗತಿ.

"ಕಿಟಕಿ ಹಿಂದ ಗ್ವಾಡಿ ಕಟ್ತೀರಿ? ಹಂಗಾದ್ರ ಕಿಟಕಿ ಯಾಕ ಬೇಕ್ರಿ?" ಎಂದಳು.

ನಾನು ಗಂಭೀರವಾಗಿ ವಿವರಿಸಿದೆ. ನಮ್ಮ ಹಾಲ್‌ನ ದಕ್ಷಿಣಕ್ಕೆ ಆಳೆತ್ತರದ ಗಾಜಿದೆ. ಅದರ ಹಿಂದೆ, ಮನೆಯೊಳಗೆ, ನಾಲ್ಕು ಇಂಚು ಬಿಟ್ಟು ಇಟ್ಟಿಗೆ ಗೋಡೆ ಎಬ್ಬಿಸಿ, ಗಾಜಿನ ಕಡೆಗೆ ಕಪ್ಪು ಬಣ್ಣ ಬಳಿದರೆ ಸಾಕು. ಗೋಡೆ ಬಿಸಿಲು ಕುಡಿದು ಮನೆಗೆ ಶಾಖ ಕೊಡುತ್ತದೆ. ಸಾಕ್ಷಾತ್ ಸೂರ್ಯನಾರಾಯಣನೇ ನಮ್ಮ ಹೀಟರ್!

"ಕಟ್ಟೋರು ಯಾರು?"

ನಾನು ಸೋಫಾದ ಕಡೆ ನೋಡಿದೆ. ಅಲ್ಲಿ ಮಾವ ಮಲ್ಲಪ್ಪನವರು ಶಾಲು ಹೊದ್ದು ಕೂತಿದ್ದರು. ಗದಗಿನಲ್ಲಿ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿ ಮಗಳನ್ನು ಡಾಕ್ಟರ್ ಮಾಡಿದವರು. ವಿಮಾನ ಹತ್ತಿ ಈ ಚಳಿ ದೇಶಕ್ಕೆ ಬಂದು ಎರಡು ತಿಂಗಳಾಗಿತ್ತು. ಟೀ ಬೇಕೇ ಎಂಬುದನ್ನು ಬಿಟ್ಟರೆ ಈ ಊರಿನಲ್ಲಿ ಅವರನ್ನು ಯಾರೂ ಏನನ್ನೂ ಕೇಳಿರಲಿಲ್ಲ. (ನಮ್ಮ ಊರು ಲೊಂಬಾರ್ಡ್ ಸರ್ಕಾರಿ ದಾಖಲೆಯಲ್ಲಿ ಇಂದಿಗೂ 'ವಿಲೇಜ್'. "ಹಳ್ಳಿ ಅಂತೀರಿ, ಕಟ್ಟಿ ಮ್ಯಾಲ ಒಬ್ರೂ ಕುಂತಿಲ್ಲ" ಎಂಬುದು ಮಾವನ ತಕರಾರು.)

ಮಾವ ಶಾಲು ತೆಗೆದರು. "ಎಷ್ಟ ದಪ್ಪ ಕಟ್ಟೂಣ್ರಿ, ಅಳಿಯಂದ್ರ?"

"ಹನ್ನೆರಡು ಇಂಚು, ಮಾವ. ದಪ್ಪ ಇದ್ದಷ್ಟೂ ಬಿಸಿ." ನಾನು ಇಂಜಿನಿಯರ್ (ಸಾಫ್ಟ್‌ವೇರಿನವನು, ಇರಲಿ). ಮಾತು ಅಲ್ಲಿಗೆ ಮುಗಿಯಿತು.

ಪರ್ಮಿಟ್ ಬಂತು. ಕೆಳಗೆ ಗಟ್ಟಿ ಕಾಂಕ್ರೀಟ್ ನೆಲವಿದ್ದುದರಿಂದ ಭಾರದ ಭಯವಿರಲಿಲ್ಲ. ಮಾವ ಮೂರು ವಾರ ಕಟ್ಟಿದರು. ಗೋಡೆ ಎಷ್ಟು ನೇರವಾಗಿತ್ತೆಂದರೆ, ಅದರ ಪಕ್ಕದಲ್ಲಿ ನಮ್ಮ ಮನೆಯೇ ಸೊಟ್ಟಗೆ ಕಾಣತೊಡಗಿತು.

ಆಮೇಲೆ ಎರಡು ವಾರ ಬರೀ ಮೋಡ. ಜನವರಿಯ ಒಂದು ಶನಿವಾರ ಪೂರ್ತಿ ಬಿಸಿಲು ಎಂದು ಫೋನ್ ಹೇಳಿದ್ದೇ ತಡ, ನಾಲ್ಕು ಸಂಸಾರಗಳನ್ನು ಊಟಕ್ಕೆ ಕರೆದೆ. ಹೊರಗೆ ನೀರು ಕಲ್ಲಾಗುವ ಚಳಿ: ಎಂಟು ಡಿಗ್ರಿ ಫ್ಯಾರನ್‌ಹೀಟ್. ಬೆಳಗ್ಗೆ ಒಂಬತ್ತಕ್ಕೆ ಹೀಟರ್ ಆರಿಸಿದೆ. ವಿಜ್ಞಾನಕ್ಕೆ ಪರೀಕ್ಷೆ ಬೇಕಲ್ಲ!

ಹನ್ನೆರಡಕ್ಕೆ ನನ್ನ ಭಾಷಣ. ಕೊನೆಯಲ್ಲಿ, ಗೋಡೆ ಮುಟ್ಟಿ ನೋಡಿ ಎಂದೆ. ಹತ್ತಿರದ ಲೈಲ್ ಊರಿನಿಂದ ಬಂದಿದ್ದ ಗೆಳೆಯ ರಾಜಶೇಖರ್ ಮುಟ್ಟಿದವನೇ ಕೈಯನ್ನು ಜೇಬಿಗೆ ಹಾಕಿಕೊಂಡ.

"ಫ್ರಿಜ್ ಬಾಗಿಲು ಇದ್ದ ಹಾಗಿದೆಯಲ್ಲೋ, ಪ್ರಸನ್ನ!"

ಎಲ್ಲರೂ ನಕ್ಕರು. ಬಡಿಸುವಷ್ಟರಲ್ಲಿ ಬಿಸಿಬೇಳೆಬಾತ್ ತನ್ನ ಬಿಸಿ ಕಳೆದುಕೊಂಡು ಬರೀ ಬೇಳೆಬಾತ್ ಆಗಿತ್ತು. ಮಗಳು ಅನಿಕಾ ಕಂಬಳಿ ಹೊದ್ದು ಬಂದು, ಅತಿಥಿಗಳ ಕಡೆ ಕೈ ತೋರಿಸಿ, "ಡ್ಯಾಡ್, ಕ್ಯಾನ್ ವಿ ಗೋ ಟು ದೇರ್ ಹೌಸ್?" ಎಂದಳು. ಎರಡು ಗಂಟೆಗೆಲ್ಲ ಅತಿಥಿಗಳು ಹೊರಟರು. ಕೋಟು ಹಾಕಿಕೊಳ್ಳುವ ತೊಂದರೆಯೂ ಇರಲಿಲ್ಲ. ಯಾರೂ ಬಿಚ್ಚಿರಲೇ ಇಲ್ಲ.

ಮಾವ ಮಾತ್ರ ನಕ್ಕಿರಲಿಲ್ಲ. "ನಲವತ್ತು ವರ್ಷ ನನ್ನ ಗ್ವಾಡಿ ನೋಡಿ ಯಾರೂ ನಕ್ಕಿದ್ದಿಲ್ರಿ" ಎಂದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಐಶ್ವರ್ಯ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಹೀಟರ್ ಹಾಕ್ತೀನಿ" ಎಂದೆ.

"ಬ್ಯಾಡ. ಮೊದಲ ಅಪ್ಪನ್ನ ಮಾತಾಡಸ್ರಿ."

ಮುಚ್ಚಿದ ಬಾಗಿಲಿಗೆ ಹೇಳಿದೆ: "ಮಾವ, ನಿಮ್ಮ ಕೆಲಸದಲ್ಲಿ ತಪ್ಪಿಲ್ಲ. ತಪ್ಪೆಲ್ಲ ನಂದೇ."

ಸಂಜೆ ಆರಕ್ಕೆ ರಾಜಶೇಖರ್ ಮತ್ತೆ ಬಂದ. ಹೋಳಿಗೆ ತಂದಿದ್ದ ಡಬ್ಬಿ ಮರೆತಿದ್ದನಂತೆ. ಐಶ್ವರ್ಯ ಡಬ್ಬಿ ತರುವವರೆಗೆ ಸುಮ್ಮನೆ ಗೋಡೆಗೆ ಒರಗಿದ. ಡಬ್ಬಿ ಬಂದರೂ ಅಲ್ಲಾಡಲಿಲ್ಲ.

"ಲೋ, ಇದು ಬೆಚ್ಚಗಿದೆ ಕಣೋ!"

ರೂಮಿನ ಬಾಗಿಲು ತೆರೆಯಿತು. ಮಾವ ಬಂದು ಗೋಡೆಗೆ ಅಂಗೈ ಇಟ್ಟರು, ಆಮೇಲೆ ಬೆನ್ನು ಇಟ್ಟರು. ಮುಖ ಅರಳಿತು.

"ಹೌದಲ್ಲ! ಇಷ್ಟ ದಪ್ಪ ಗ್ವಾಡಿ. ಹಗಲೆಲ್ಲಾ ಕುಡದದ್ದು ಈ ಕಡೆ ಬರಾಕ ಸಂಜಿ ಆಕ್ಕೈತಿ. ಗದಗಿನ್ಯಾಗ ಬ್ಯಾಸಗಿ ಸಂಜಿಗೆ ಮನಿಯೊಳಗ ಕುಂಡ್ರಾಕ ಆಗೂದಿಲ್ಲ, ನಾನಽ ಮರ್ತಿದ್ದೆ. ಅಳಿಯಂದ್ರು ಮಧ್ಯಾಹ್ನ ಮಂದಿ ಕರದ್ರ ಗ್ವಾಡಿ ಏನ್ ಮಾಡೀತು?"

ರಾಜಶೇಖರ್ ಅವರ ಕೈ ಹಿಡಿದುಕೊಂಡ. "ಅಂಕಲ್, ನಮ್ಮನೆಗೂ ಒಂದು ಕಟ್ಟಿಕೊಡಿ."

"ಡಿಸೈನ್ ನಾನು ಮಾಡ್ತೀನಿ" ಎಂದೆ.

"ಬೇಡ ಮಾರಾಯ. ಅಂಕಲ್ ಸಾಕು."

ಈಗ ಪ್ರತಿ ಶನಿವಾರ ಮಾವನನ್ನು ಲೈಲ್‌ಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆ. ನನಗೂ ಒಂದು ಹುದ್ದೆ ಸಿಕ್ಕಿದೆ: ಗ್ಯಾರೇಜಿನಿಂದ ಇಟ್ಟಿಗೆ ಹೊರುವುದು. ಮೊನ್ನೆ ರಾಜಶೇಖರನ ತಾಯಿ ನನ್ನನ್ನೇ ನೋಡುತ್ತ, "ನಿಮ್ಮ ಅಳಿಯ ಇಂಜಿನಿಯರ್ ಅಂದಿದ್ರಲ್ಲ?" ಎಂದು ಮಾವನನ್ನು ಕೇಳಿದರು.

"ಹೌದ್ರಿ" ಎಂದರು ಮಾವ, ಬಹಳ ಗಂಭೀರವಾಗಿ. "ಇಟ್ಟಂಗಿ ಹೊರೂದ್ರಾಗ ಭಾಳ ಸುಧಾರಿಸ್ಯಾರ. ಇನ್ನೊಂದ ತಿಂಗಳ ಹೋದ್ರ ಸಿಮೆಂಟ ಕಲಸಾಕ ಕೊಡ್ತೀನಿ."