ವೈರಸ್ಸಿಗಾದರೂ ಬಿಡುಗಡೆ ಉಂಟು

ಮಣಿಪಾಲದ ನಮ್ಮ ವೈರಸ್ ಲ್ಯಾಬಿನಲ್ಲಿ ನಗುವಂಥದ್ದು ಆಗುತ್ತಲೇ ಇರುತ್ತದೆ. ನಗುವವರು ಮಾತ್ರ ಬೇರೆ, ನಾನಲ್ಲ.

೧. ಅಮ್ಮನಿಗೆ ಪಾಠ

ಕಾಪುವಿನ ಮನೆಯಲ್ಲಿ ಅಮ್ಮ ಕೇಳಿದರು, "ಇಷ್ಟು ವರ್ಷ ನಿನಗೆ ಅಲ್ಲಿ ಎಂತ ಕೆಲಸ?"

"ವೈರಸ್ ನಮ್ಮ ಜೀವಕೋಶದಲ್ಲಿ ಹುಟ್ಟಿ ಹೊರಗೆ ಹೊರಡುತ್ತದೆ ಅಮ್ಮ. ಆಗ ಕೋಶದ ಒಂದು ಪ್ರೋಟೀನು ಅದನ್ನು ಹೊಸ್ತಿಲಲ್ಲೇ ಕಟ್ಟಿಹಾಕುತ್ತದೆ. ಆದರೆ ವೈರಸ್ಸಿನ ಹತ್ತಿರವೂ ಒಂದು ಪ್ರೋಟೀನು ಉಂಟು. ಅದು ಕಟ್ಟಿಹಾಕುವವನನ್ನೇ ಹಿಡಿದು ಕೋಶದ ಕಸದ ಗುಂಡಿಗೆ ಕಳಿಸುತ್ತದೆ."

ಅಮ್ಮ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿದರು. "ಅದಕ್ಕೂ ಹೊರಗೆ ಬರುವ ದಾರಿ ಗೊತ್ತುಂಟು. ನೀನು ಯಾವಾಗ ಬರುವುದು ಮಾರಾಯ್ತಿ?"

೨. ಒಂದು ನಿಮಿಷ

ಪಿಎಚ್.ಡಿ. ಥೀಸಿಸ್ ಹಿಡಿದುಕೊಂಡು ಹೋದಾಗಲೆಲ್ಲ ನಮ್ಮ ಗೈಡ್ ಸಾರ್ "ಚೆನ್ನಾಗಿದೆ" ಎನ್ನುತ್ತಾರೆ. ನಾನು ಬಾಗಿಲಿಗೆ ಬಂದಾಗ ಹಿಂದಿನಿಂದ ಕೂಗುತ್ತಾರೆ, "ಒಂದು ನಿಮಿಷ! ಒಂದು ಸಣ್ಣ ಪ್ರಯೋಗ ಉಂಟು." ಸಣ್ಣದು ಎಂದರೆ ಆರು ತಿಂಗಳು.

ಹೊರಟವರನ್ನು ಹಿಂದಿನಿಂದ ಕರೆದರೆ, ಅವರು ಒಳಗೆ ಬಂದು ಕೂತು ನೀರು ಕುಡಿದು ಹೊರಡಬೇಕು. ನಮ್ಮ ಮನೆಯ ಪದ್ಧತಿ ಅದು. ಒಮ್ಮೆ ರೋಸಿಹೋಗಿ ಅವರ ಎದುರೇ ಕೂತು ನೀರು ಕುಡಿದೆ. ಕಾರಣ ಕೇಳಿದರು, ಹೇಳಿದೆ.

"ವಿಜ್ಞಾನ ಓದಿ ಇಂಥ ಮೂಢನಂಬಿಕೆಯಾ? ನಾಚಿಕೆ ಆಗುವುದಿಲ್ಲವಾ?" ಎಂದು ಚೆನ್ನಾಗಿ ಬೈದರು. ತಲೆ ತಗ್ಗಿಸಿ ಹೊರಟೆ.

"ಒಂದು ನಿಮಿಷ!"

೩. ಕಾರ್ಕಳದ ಸಂಬಂಧ

ಒಳ್ಳೆಯ ಹುಡುಗ. ಥೀಸಿಸ್ ಕೊಟ್ಟ ಮೇಲೆ ಮದುವೆ ಎಂದೆವು, ಒಪ್ಪಿದ, ಕಾದ. ಮೊನ್ನೆ ಉಡುಪಿಯಲ್ಲಿ ಹೆಂಡತಿ ಮಗುವಿನ ಜೊತೆ ಸಿಕ್ಕಿದ. ಮಗುವನ್ನು ಅಂಗನವಾಡಿಗೆ ಸೇರಿಸಿದ್ದಾನಂತೆ. "ನಿಮ್ಮದು ಮುಗಿಯಿತಾ?" ಎಂದು ಮರ್ಯಾದೆಯಿಂದಲೇ ಕೇಳಿದ. ನನಗೆ ಸಿಟ್ಟು ನೆತ್ತಿಗೇರಿತು. ಅವನ ಮೇಲಲ್ಲ, ಸಾರ್ ಮೇಲೆ.

೪. ಬೀಳ್ಕೊಡುಗೆ

ಕೊನೆಗೂ ಸಾರ್ ನಿವೃತ್ತರಾದರು. "ಹೋಗುವ ಮೊದಲು ನಿನ್ನ ಥೀಸಿಸ್‌ಗೆ ಸಹಿ ಹಾಕಿಯೇ ಹೋಗುತ್ತೇನೆ" ಎಂದು ಮಾತು ಕೊಟ್ಟಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಭಾಷಣ, ಗಡ್‌ಬಡ್ ಐಸ್‌ಕ್ರೀಮ್ ಎಲ್ಲ ಮುಗಿಯಿತು. ನಾನು ಥೀಸಿಸ್ ಹಿಡಿದು, ಪೆನ್ನಿನ ಮುಚ್ಚಳ ತೆಗೆದು ಹಾಲ್‌ನ ಬಾಗಿಲಲ್ಲೇ ನಿಂತಿದ್ದೆ. ಸಾರ್ ಹಾರ ಹಾಕಿಕೊಂಡೇ ಬಂದು ಪೆನ್ನಿಗೆ ಕೈ ಚಾಚಿದರು.

ಹಿಂದಿನಿಂದ ಸಂಸ್ಥೆಯ ನಿರ್ದೇಶಕರು ಕೂಗಿದರು, "ಸಾರ್, ಒಂದು ನಿಮಿಷ! ನಿಮ್ಮನ್ನು ಇನ್ನೆರಡು ವರ್ಷ ಮುಂದುವರಿಸಲು ಈಗಷ್ಟೇ ಒಪ್ಪಿಗೆ ಬಂತು!"

ಎಲ್ಲರೂ ಚಪ್ಪಾಳೆ ಹೊಡೆದರು. ಸಾರ್ ಚಾಚಿದ ಕೈ ಹಿಂದೆ ತೆಗೆದುಕೊಂಡರು. ತಿರುಗಿ ಒಳಗೆ ಹೋಗಿ ಎದ್ದುಬಂದ ಅದೇ ಕುರ್ಚಿಯಲ್ಲಿ ಕೂತು ನನ್ನನ್ನು ಕರೆದರು.

"ಹಿಂದಿನಿಂದ ಕರೆದರು ನೋಡು. ಸ್ವಲ್ಪ ನೀರು ಕೊಡು."

ಕೊಟ್ಟೆ. ನಿಧಾನವಾಗಿ ಕುಡಿದು ಬಾಯಿ ಒರೆಸಿಕೊಂಡರು.

"ಇನ್ನು ಅವಸರ ಇಲ್ಲ ಅಲ್ವಾ? ಒಂದು ಸಣ್ಣ ಪ್ರಯೋಗ ಉಂಟು."